ಹತ್ತು ಎಣಿಸಿದ ಮೇಲೆ ಬಂದ ಮೀನು

ಲೇಕ್ ಫೋರ್ಕ್‌ನಲ್ಲಿ ದೋಣಿ ಇಳಿಸಿದಾಗ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಮಾರ್ಚ್ ತಿಂಗಳ ಮೊದಲ ಶನಿವಾರ. ಅಮೆರಿಕದ ಟೆಕ್ಸಾಸ್ ರಾಜ್ಯದ ಡಾಲಸ್ ಕಡೆಯಿಂದ ಒಂದೂವರೆ ಗಂಟೆ ಪೂರ್ವಕ್ಕೆ ಬಂದಿದ್ದೆವು. ನಾನು, ನನ್ನ ಹನ್ನೊಂದು ವರ್ಷದ ಮಗಳು, ಪಕ್ಕದ ಮನೆಯ ಹಿರಿಯರು. ದೋಣಿ ಅವರದು. ಈ ನೀರಿನಲ್ಲಿ ಬ್ಯಾಸ್ ಅನ್ನುವ ಮೀನು ಹಿಡಿಯುತ್ತಲೇ ಅವರ ತಲೆ ಬೆಳ್ಳಗಾಗಿದೆ.

ಇದು 1980ರಲ್ಲಿ ಕಟ್ಟಿದ ಜಲಾಶಯ. ಮುಳುಗಿದ ಮರಗಳನ್ನು ಬಹಳಷ್ಟು ಕಡೆ ಹಾಗೇ ಬಿಟ್ಟಿದ್ದಾರೆ. ಮಂಜಿನಲ್ಲಿ ಆ ಒಣ ಬೊಡ್ಡೆಗಳನ್ನು ನೋಡಿದರೆ ನನಗೆ ಬೇಸಿಗೆಯ ಲಿಂಗನಮಕ್ಕಿ ಹಿನ್ನೀರೇ ಕಣ್ಮುಂದೆ ಬರುತ್ತದೆ. ನಾನು ಸಾಗರದ ಕಡೆಯವನು. ಗಾಳಕ್ಕೆ ಎರೆಹುಳು ಸಿಕ್ಕಿಸಿ, ಬೆಂಡು ಮುಳುಗುವುದನ್ನೇ ನೋಡುತ್ತಾ ಕೂತು ಬೆಳೆದವನು.

ಇಲ್ಲಿ ಎರೆಹುಳು ಇಲ್ಲ, ಪೆಟ್ಟಿಗೆ ತುಂಬಾ ನಕಲಿ ಮೀನುಗಳು. ನಾನು ಮೊದಲು ಎತ್ತಿಕೊಂಡಿದ್ದು ಕೆಂಪು ರ‍್ಯಾಟ್-ಎಲ್-ಟ್ರ್ಯಾಪ್. ಚಪ್ಪಟೆ ಮೀನಿನ ಆಕಾರ, ಒಳಗೆ ಗಲಗಲ ಅನ್ನುವ ಮಣಿಗಳು. ಚಳಿ ಇಳಿಯುತ್ತಿದ್ದಂತೆ ಕ್ರಾಫಿಶ್ ಅನ್ನುವ ಸಿಗಡಿಯಂಥ ಕೆಂಪು ಜೀವಿ ಕೆಸರಿನಿಂದ ಹೊರಗೆ ಬರುತ್ತದೆ. ಬ್ಯಾಸ್‌ಗೆ ಅದು ಪ್ರಾಣ. ಹಾಗಾಗಿ ಈ ದಿನಗಳಲ್ಲಿ ಟೆಕ್ಸಾಸ್‌ನಲ್ಲಿ ಕೆಂಪು ಬಣ್ಣಕ್ಕೆ ಬೇಡಿಕೆ ಜಾಸ್ತಿ. ನಾನು ಒಂದೂವರೆ ಗಂಟೆ ಬಿಡದೆ ಎಸೆದೆ, ಎಳೆದೆ. ಒಂದೂ ಮುಟ್ಟಲಿಲ್ಲ.

ಹಿರಿಯರು ದೋಣಿಯಲ್ಲಿದ್ದ ಸಾಧನದ ಪರದೆ ತೋರಿಸಿದರು. ನೀರಿನ ಉಷ್ಣತೆ 52 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 11 ಸೆಲ್ಸಿಯಸ್. ಎರಡು ದಿನದ ಹಿಂದೆ ಉತ್ತರದ ಥಂಡಿ ಗಾಳಿ ಬೀಸಿ ಹೋಗಿತ್ತು.

"ಬಣ್ಣ ಸರಿ ಇದೆ, ವೇಗ ತಪ್ಪು. ಈ ಚಳಿಗೆ ಮೀನು ಅಟ್ಟಿಸಿಕೊಂಡು ಬರಲ್ಲ. ಅದರ ಬಾಯಿ ಮುಂದೆ ನಿಲ್ಲಿಸಬೇಕು."

ಮೀನಿನ ಮೈ ನೀರಿನಷ್ಟೇ ತಣ್ಣಗಿರುತ್ತದೆ. ತಿಂದದ್ದು ಕರಗುವುದೂ ನಿಧಾನ, ಹಸಿವಾಗುವುದೂ ನಿಧಾನ. ಶಾಲೆಯಲ್ಲಿ ಓದಿದ್ದೆ. ಗಾಳ ಹಿಡಿದಾಗ ಮಾತ್ರ ಅದು ನೆನಪಿಗೆ ಬಂದಿರಲಿಲ್ಲ.

ಅವರು ಕೊಟ್ಟಿದ್ದು ಜರ್ಕ್‌ಬೇಟ್. ಬೆರಳಿನಷ್ಟು ಉದ್ದದ ತೆಳ್ಳಗಿನ ನಕಲಿ ಮೀನು. ಇದರ ತೂಕವೇ ವಿಶೇಷ. ಎಳೆಯುವುದು ನಿಲ್ಲಿಸಿದರೆ ಮೇಲೆ ತೇಲುವುದೂ ಇಲ್ಲ, ಕೆಳಗೆ ಮುಳುಗುವುದೂ ಇಲ್ಲ, ಇದ್ದಲ್ಲೇ ನಿಲ್ಲುತ್ತದೆ. ರಾಡ್‌ನ ತುದಿಯನ್ನು ಕೆಳಗೆ ಎರಡು ಸಲ ಚುರುಕಾಗಿ ಜಗ್ಗಬೇಕು. ಆಮೇಲೆ ಲೈನ್ ಸಡಿಲ ಬಿಟ್ಟು ಸುಮ್ನೆ ನಿಲ್ಲಬೇಕು. ಎಷ್ಟು ಹೊತ್ತು? ನೀರು ತಣ್ಣಗಿದ್ದಷ್ಟೂ ಹೆಚ್ಚು. ಅವತ್ತಿಗೆ ಹತ್ತು ಎಣಿಸು ಅಂದರು.

ಹತ್ತು ಎಣಿಸುವುದು ಸುಲಭ ಅನ್ನಿಸುತ್ತದೆ. ನಾಲ್ಕಕ್ಕೇ ಕೈ ತುರಿಸುತ್ತದೆ. ಮಗಳು ನನಗಾಗಿ ಕನ್ನಡದಲ್ಲಿ ಜೋರಾಗಿ ಎಣಿಸತೊಡಗಿದಳು. "ಏಳು, ಎಂಟು..." ಒಂಬತ್ತಕ್ಕೆ ಸಡಿಲವಿದ್ದ ಲೈನ್ ಸ್ವಲ್ಪ ಪಕ್ಕಕ್ಕೆ ಸರಿಯಿತು. ಕೈಗೆ ಏಟು ಗೊತ್ತಾಗಲೇ ಇಲ್ಲ. ಅವಳೇ ಕಂಡಳು. "ಅಪ್ಪಾ, ದಾರ ಹೋಗ್ತಿದೆ!" ರಾಡ್ ಎತ್ತಿದೆ. ಭಾರ ಬಂತು. ಒಂದು ಕೆಜಿ ದಾಟದ ಮೀನು, ಆದರೂ ಆ ಬೆಳಗಿನ ಖುಷಿ ಈಗಲೂ ಮೈಯಲ್ಲಿದೆ.

ಮಧ್ಯಾಹ್ನ ಹಿರಿಯರು ದೋಣಿಯನ್ನು ಉತ್ತರ ದಡದ ಒಂದು ಕೊಲ್ಲಿಗೆ ಒಯ್ದರು. ಈ ಕಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಬಿಸಿಲು ನೇರ ಬೀಳುವುದು ಉತ್ತರದ ದಡಕ್ಕೆ. ಅಲ್ಲಿ ಥಂಡಿ ಗಾಳಿಗೂ ಮರೆ. ಪರದೆ ನೋಡಿದರೆ 58 ಡಿಗ್ರಿ. ಆರೇ ಡಿಗ್ರಿ ವ್ಯತ್ಯಾಸ, ಬೇರೆಯೇ ಕೆರೆಗೆ ಬಂದ ಹಾಗಿತ್ತು.

"ಈಗ ನಿನ್ನ ಕೆಂಪನ್ನು ತೆಗಿ" ಅಂದರು.

ನಾಲ್ಕೈದು ಅಡಿ ನೀರು, ತಳದಲ್ಲಿ ಹೈಡ್ರಿಲ್ಲಾ ಅನ್ನುವ, ನೀರೊಳಗೇ ಬೆಳೆಯುವ ಜೊಂಡು. ಬೆಳಗ್ಗೆ ನಾನು ಜೊಂಡಿನಿಂದ ದೂರ ಇಟ್ಟೇ ಎಸೆಯುತ್ತಿದ್ದೆ. ಅವರು ಬೇಕೆಂದೇ ಅದರಲ್ಲಿ ಸಿಕ್ಕಿಸಲು ಹೇಳಿದರು. ಸಿಕ್ಕಿಕೊಂಡ ಕೂಡಲೇ ಒಂದೇ ಸಲ ಕಿತ್ತು ಬಿಡಿಸಬೇಕು. ಗಾಬರಿಗೊಂಡ ಕ್ರಾಫಿಶ್ ಚಂಗನೆ ಹಾರಿದ ಹಾಗೆ ಕಾಣುತ್ತದಂತೆ. ಬ್ಯಾಸ್ ಯೋಚನೆ ಮಾಡದೆ ಬಾಯಿ ಹಾಕುವುದು ಆಗಲೇ.

ಐದನೇ ಸಲ ಕಿತ್ತಾಗ ಜೊಂಡು ವಾಪಸ್ ಎಳೆಯಿತು.

ಮೇಲೆ ಬಂದಿದ್ದು 21 ಇಂಚಿನ ಹೆಣ್ಣು. ಹೊಟ್ಟೆ ಮೊಟ್ಟೆಯಿಂದ ಬಿಗಿದಿತ್ತು. ನೀರು 60 ಡಿಗ್ರಿ ದಾಟಿದರೆ ಇಂಥವು ಆಳವಿಲ್ಲದ ನೀರಿಗೆ ಬಂದು ಮೊಟ್ಟೆ ಇಡುತ್ತವೆ. ಅದಕ್ಕೆ ಮುಂಚೆ ಹೊಟ್ಟೆ ತುಂಬಿಸಿಕೊಳ್ಳಲು ಬಂದವಳು ಇವಳು. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನ ಬ್ಯಾಸ್ ಇಟ್ಟುಕೊಳ್ಳುವ ಹಾಗಿಲ್ಲ, ಬಿಡಲೇಬೇಕು. ಟೆಕ್ಸಾಸ್‌ನ ದಾಖಲೆಯ ಬ್ಯಾಸ್, 18.18 ಪೌಂಡಿನದು, 1992ರಲ್ಲಿ ಸಿಕ್ಕಿದ್ದು ಇದೇ ನೀರಿನಲ್ಲಿ. ದೊಡ್ಡ ಮೀನು ಬೇಕೆಂದರೆ ಅದಕ್ಕೆ ಬೆಳೆಯಲು ವರ್ಷಗಳನ್ನು ಬಿಟ್ಟುಕೊಡಬೇಕು, ಅಲ್ವಾ?

ಮಗಳು ಕೈ ಒದ್ದೆ ಮಾಡಿಕೊಂಡು ಅದರ ಹೊಟ್ಟೆಯ ಅಡಿಗೆ ಅಂಗೈ ಕೊಟ್ಟಳು. ಮೀನು ಕಿವಿರು ಅರಳಿಸಿ ಮುಚ್ಚಿತು. ಆಮೇಲೆ ಬಾಲ ಬೀಸಿ ಹೋಯಿತು.

ನನಗೆ ನಮ್ಮೂರಿನ ಹತ್ತುಮೀನು ನೆನಪಾಯಿತು. ಮುಂಗಾರಿನ ಮೊದಲ ಮಳೆಗೆ ಹೊಳೆಯ ಮೀನುಗಳು ಮೊಟ್ಟೆ ಇಡಲು ಹಳ್ಳ ಹತ್ತಿ ಗದ್ದೆಗೆ ಬರುತ್ತವೆ. ಆ ರಾತ್ರಿ ಊರಿಗೆ ಊರೇ ಬ್ಯಾಟರಿ, ಕತ್ತಿ ಹಿಡಿದು ಇಳಿಯುತ್ತದೆ. ನಾನೂ ಇಳಿದಿದ್ದೇನೆ. ಮೊಟ್ಟೆ ಇದ್ದ ಮೀನಿನ ಸಾರಿಗೆ ರುಚಿ ಜಾಸ್ತಿ ಅನ್ನುತ್ತಿದ್ದೆವು. ಆಗ ಒಂದನ್ನೂ ಬಿಟ್ಟ ನೆನಪಿಲ್ಲ.

ರಾತ್ರಿ ಮನೆಗೆ ಬಂದು ಅಣ್ಣನಿಗೆ ಫೋನ್ ಮಾಡಿದೆ. ಅಲ್ಲಿ ಭಾನುವಾರದ ಬೆಳಗು. ಜರ್ಕ್‌ಬೇಟ್, ಹತ್ತು ಎಣಿಸಿದ್ದು, ಜೊಂಡು, ಎಲ್ಲಾ ಹೇಳಿದೆ. ಆಮೇಲೆ ಕೇಳಿದೆ: "ಈ ಸಲ ಮೀನು ಹತ್ತುವಾಗ ಮೊಟ್ಟೆ ತುಂಬಿದವನ್ನು ಬಿಟ್ಟುಬಿಡ್ತೀಯಾ ಅಣ್ಣಾ?"

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಮೊದ್ಲು ಮಳೆ ಬರ್ಲಿ ತಡಿ" ಅಂದ. ಆಮೇಲೆ, ಆ ಹೆಣ್ಣು ಮೀನು ಎಷ್ಟುದ್ದ ಇತ್ತು ಅಂತ ಇನ್ನೊಂದು ಸಲ ಕೇಳಿದ.