ಸುಕ್ಕು ರೆಕ್ಕೆಯ ಲೆಕ್ಕ

ಮಳೆ ಹೊರಪಾಗಿ ಬಿಸಿಲು ಬಿದ್ದರೆ ಸಾಕು, ಬಾಗಲಕೋಟೆ ನವನಗರದ ಖಾಲಿ ಸೈಟುಗಳ ಮೇಲೆ ಏರೋಪ್ಲೇನ್ ಚಿಟ್ಟೆಗಳ (ಡ್ರ್ಯಾಗನ್‌ಫ್ಲೈ) ಹಿಂಡೇ ಹಿಂಡು. ಅದೇ ಬಯಲಲ್ಲಿ ಭಾನುವಾರ ನಮ್ಮ ಡಿಪ್ಲೊಮಾ ವಿದ್ಯಾರ್ಥಿಗಳ ಜೊತೆ ನಾನು ಥರ್ಮಾಕೋಲ್ ವಿಮಾನ ಹಾರಿಸುತ್ತೇನೆ. ಮೊನ್ನೆ ಒಬ್ಬಳು ಸತ್ತ ಚಿಟ್ಟೆಯ ರೆಕ್ಕೆ ತಂದು ಕೇಳಿದಳು: "ಸರ್, ನಾವು ಪಾಲಿಶ್ ಪೇಪರ್ ಹಚ್ಚಿ ಕೈ ನೋಯೂತನಕ ಉಜ್ಜತೀವಿ. ಇದು ನೋಡ್ರಿ, ಪೂರಾ ಸುಕ್ಕ. ಹೆಂಗ ಹಾರ್ತೈತ್ರಿ?"

ಭೂತಗನ್ನಡಿ ಹಿಡಿದೆವು. ಮುಂದಿನ ಅಂಚಿನ ಹತ್ತಿರ ನರಗಳು ಒಂದು ಮೇಲೆ, ಒಂದು ಕೆಳಗೆ. ನಡುವಿನ ಪೊರೆ ಪತ್ರಾಸಿನ ಹಾಗೆ ಏರಿಳಿದಿತ್ತು. ಹಿಂದಕ್ಕೆ ಹೋದಂತೆ ಸಪಾಟು. ತುದಿಯ ಬಳಿ ಕಡುಬಣ್ಣದ ಒಂದು ಚುಕ್ಕೆ. ಅದು ಅಲ್ಲಿ ಕೂತಿರುವುದು ತೂಕಕ್ಕಾಗಿ. ತೇಲುವಾಗ ರೆಕ್ಕೆ ಅದುರದಂತೆ ಅದು ತಡೆಯುತ್ತದೆ ಎಂದು 1972ರಲ್ಲಿ ಸ್ವೀಡನ್ನಿನ ನೋರ್ಬರ್ಗ್ ತೋರಿಸಿದರು. ಇಷ್ಟು ಹಗುರ ಜೀವದಲ್ಲಿ ಅಷ್ಟು ಕರಾರುವಾಕ್ಕು ಕೆಲಸ!

ಇನ್ನು ಸುಕ್ಕು. ವೇಗವನ್ನು ರೆಕ್ಕೆಯ ಅಗಲದಿಂದ (ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗೆ) ಗುಣಿಸಿ, ಗಾಳಿಯ ಚಲನ ಸ್ನಿಗ್ಧತೆಯಿಂದ (ಅಂದರೆ ಗಾಳಿಯ ಅಂಟುತನವನ್ನು ಅದರ ಸಾಂದ್ರತೆಯಿಂದ ಭಾಗಿಸಿದ ಅಳತೆಯಿಂದ) ಭಾಗಿಸಿದರೆ ಬರುವುದು ರೆನಾಲ್ಡ್ಸ್ ಸಂಖ್ಯೆ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇಳಿಯುವ ಪ್ರಯಾಣಿಕ ವಿಮಾನಕ್ಕೆ ಅದು ಕೋಟಿಯ ಲೆಕ್ಕ. 15 ಸೆಂ.ಮೀ. ಅಗಲದ ರೆಕ್ಕೆಯ ನಮ್ಮ ಥರ್ಮಾಕೋಲಿಗೆ ಸುಮಾರು 80,000. ಚಿಟ್ಟೆಗೆ ಕೆಲವೇ ಸಾವಿರ. ಈ ಸಂಖ್ಯೆ ಅಷ್ಟು ಕೆಳಗಿಳಿದಾಗ ದಪ್ಪ, ನುಣುಪು ರೆಕ್ಕೆಯ ಮೇಲಿಂದ ಗಾಳಿ ಬೇಗ ಕಿತ್ತುಕೊಂಡು ಹೋಗುತ್ತದೆ, ಮತ್ತೆ ಅಂಟುವುದಿಲ್ಲ. ಸುಕ್ಕು ರೆಕ್ಕೆಯ ತಗ್ಗುಗಳಲ್ಲಿ ಪುಟ್ಟ ಸುಳಿಗಳು ಕೂತು ತಿರುಗುತ್ತಿರುತ್ತವೆ. ಹೊರಗಿನ ಗಾಳಿ ಅವುಗಳ ಮೇಲಿಂದಲೇ ಜಾರಿ ಹೋಗುತ್ತದೆ. ರೆಕ್ಕೆಗೆ ತೂಕವಿಲ್ಲದೆ ದಪ್ಪ ಬಂದಂತಾಯಿತು. 2000ರಲ್ಲಿ ಜರ್ಮನಿಯ ಆಂಟೋನಿಯಾ ಕೆಸೆಲ್ ನಿಜವಾದ ರೆಕ್ಕೆಯ ಅಡ್ಡಕೊಯ್ತದ ಮಾದರಿಗಳನ್ನು ಗಾಳಿ ಸುರಂಗದಲ್ಲಿಟ್ಟು ಇದನ್ನೇ ಅಳೆದರು. ಮೇಲಾಗಿ, ಮಡಿಕೆ ಇದ್ದ ಪೊರೆ ಉದ್ದಕ್ಕೆ ಸುಲಭವಾಗಿ ಬಾಗುವುದಿಲ್ಲ.

ನಾಲ್ಕು ರೆಕ್ಕೆಗಳನ್ನೂ ಬೇರೆಬೇರೆಯಾಗಿ ಆಡಿಸುವ ಅದರ ಚಳಕ ಇನ್ನೊಂದು ದೊಡ್ಡ ಕಥೆ. ಅದಕ್ಕೆ ಬೇರೆ ಪೋಸ್ಟೇ ಬೇಕು.

ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಅಂಗೈಯಗಲದ ವಿಮಾನ ಮಾಡುವ ಹುಡುಗರು ದೊಡ್ಡ ವಿಮಾನದ ರೆಕ್ಕೆಯನ್ನು ಕುಗ್ಗಿಸಿ ಕೊಯ್ಯುವುದನ್ನು ಬಿಡಬೇಕು. ತೆಳು ರಟ್ಟು ತಗೊಳ್ಳಿ. ಒಂದನ್ನು ತುಸು ಬಾಗಿಸಿ, ಇನ್ನೊಂದರ ಮುಂಭಾಗದಲ್ಲಿ ಎರಡು-ಮೂರು ಮಡಿಕೆ ಹಾಕಿ. ತೂಕ ಒಂದೇ ಇರಲಿ, ಬಿಡುವ ಎತ್ತರವೂ ಒಂದೇ ಇರಲಿ. ಬಯಲಲ್ಲಿ ಬೇಡ, ಗಾಳಿಯಾಡದ ಹಾಲ್‌ನಲ್ಲಿ ಬಿಟ್ಟು ಟೇಪಿನಿಂದ ದೂರ ಅಳೆಯಿರಿ. ಬಂದ ಅಳತೆಯನ್ನು ನನಗೂ ಕಳಿಸಿ.