ಟಿಕಿಂಟರ್: ಮೊದಲ ವಿಂಡೋದಿಂದ ಓಡುವ ಟೈಮರ್‌ವರೆಗೆ

14 ಜೂನ್ 2025, ಶನಿವಾರ

ಪೈಥಾನ್‌ನಲ್ಲಿ ಲೂಪು, ಫಂಕ್ಷನ್ನು, ಫೈಲ್ ಓದುವುದು ಕೈಗೆ ಹತ್ತಿದ ಮೇಲೆ ಕಪ್ಪು ಟರ್ಮಿನಲ್ ಸಾಕು ಅನ್ನಿಸತೊಡಗುತ್ತದೆ. ಬಟನ್ ಇರುವ ವಿಂಡೋ ಬೇಕು ಅನ್ನುವವರು ಅದಕ್ಕೆಂದೇ ಇರುವ ಮಾಡ್ಯೂಲ್ ಟಿಕಿಂಟರ್‌ನಿಂದಲೇ ಶುರು ಮಾಡಬಹುದು. ನೋಡಲು ತುಸು ಹಳೆಯ ಕಾಲದ್ದು, ನಿಜ. ಆದರೆ ಪೈಥಾನ್ ಜೊತೆಗೇ ಬರುತ್ತದೆ, ಪೈಥಾನ್‌ನ ಐಡಲ್ ಎಡಿಟರ್ ಕೂಡ ಇದರಲ್ಲೇ ಕಟ್ಟಿದ್ದು.

ಕೋಡ್ ಬರೆಯುವ ಮೊದಲು ಟರ್ಮಿನಲ್‌ನಲ್ಲಿ ಪೈಥಾನ್ 3ಕ್ಕೆ ಮೈನಸ್ ಎಮ್ ಹಾಕಿ, ಮುಂದೆ ಟಿಕಿಂಟರ್ ಎಂದು ಕೊಟ್ಟು ಓಡಿಸಿ. ಟಿಕೆಯ (ಟಿಕಿಂಟರ್ ಒಳಗೊಳಗೆ ಬಳಸುವ, ವಿಂಡೋ ಬಿಡಿಸುವ ಲೈಬ್ರರಿ) ಆವೃತ್ತಿ ಸಂಖ್ಯೆಯೂ ಎರಡು ಬಟನ್‌ಗಳೂ ಇರುವ ಪುಟ್ಟ ವಿಂಡೋ ತೆರೆದರೆ ಎಲ್ಲ ಸರಿಯಿದೆ. ಮಾಡ್ಯೂಲ್ ಸಿಗಲಿಲ್ಲ ಎಂಬ ದೂರು ಬಂದರೆ ಪೈಥಾನ್ ಪ್ಯಾಕೇಜ್ ಇಳಿಸುವ ಪಿಪ್ ಹತ್ತಿರ ಹೋಗಬೇಡಿ, ಇದು ಅಲ್ಲಿಂದ ಬರುವುದಲ್ಲ. ಉಬುಂಟು, ಡೆಬಿಯನ್‌ಗಳಲ್ಲಿ ಪೈಥಾನ್3-ಟಿಕೆ ಎಂಬ ಪ್ಯಾಕೇಜನ್ನು ಆಪ್ಟ್ ಮೂಲಕ ಹಾಕಬೇಕು. ಫೆಡೋರಾದಲ್ಲಿ ಅದರ ಹೆಸರು ಪೈಥಾನ್3-ಟಿಕಿಂಟರ್. ವಿಂಡೋಸ್‌ನಲ್ಲಾದರೆ ಇನ್‌ಸ್ಟಾಲರ್ ಮತ್ತೆ ತೆರೆದು ಟಿಸಿಎಲ್/ಟಿಕೆ ಎದುರಿನ ಟಿಕ್ ಗುರುತು ಬಿಟ್ಟುಹೋಗಿದೆಯೇ ನೋಡಿ.

ಇನ್ನೊಂದು ಬಲೆ: ನಿಮ್ಮ ಫೈಲಿಗೆ ಟಿಕಿಂಟರ್ ಎಂದೇ ಹೆಸರಿಟ್ಟರೆ ಪೈಥಾನ್ ಅಸಲಿ ಮಾಡ್ಯೂಲ್ ಬಿಟ್ಟು ನಿಮ್ಮ ಫೈಲನ್ನೇ ಎಳೆದುಕೊಳ್ಳುತ್ತದೆ. ಆಮೇಲೆ 'ಟಿಕೆ ಎಂಬುದೇ ಇಲ್ಲ' ಎನ್ನುತ್ತದೆ.

ಅಭ್ಯಾಸಕ್ಕೆ ಇಳಿಎಣಿಕೆಯ ಟೈಮರ್ ಒಳ್ಳೆಯದು. ನಿಮಿಷ ತುಂಬಲು ಒಂದು ಎಂಟ್ರಿ, 'ಶುರು' ಬಟನ್, ಉಳಿದ ಸಮಯ ತೋರಿಸಲು ಒಂದು ಲೇಬಲ್. ಮೂರೇ ವಿಜೆಟ್, ಆದರೆ ಹೊಸಬರು ಎಡವುವ ಜಾಗಗಳೆಲ್ಲ ಇದರೊಳಗೇ ಇವೆ.

ಮೊದಲು ಟಿಕೆ ಕರೆದು ಮುಖ್ಯ ವಿಂಡೋ ಮಾಡಿ, ರೂಟ್ ಎಂದು ಹೆಸರಿಡಿ. ವಿಜೆಟ್‌ಗಳನ್ನು ಟಿಟಿಕೆ ಉಪಮಾಡ್ಯೂಲ್‌ನಿಂದ ತನ್ನಿ, ಆಯಾ ಸಿಸ್ಟಮ್‌ನ ಬಟನ್‌ಗೆ ಹತ್ತಿರದ ರೂಪ ಸಿಗುತ್ತದೆ. ಬದಲಿಗೆ ಹಳೆಯ ವಿಜೆಟ್‌ಗಳಂತೆ ನೇರವಾಗಿ ಬಿಜಿ ಎಂದು ಹಿನ್ನೆಲೆ ಬಣ್ಣ ಕೊಡಲಾಗದು, ಬಣ್ಣಕ್ಕೆ ಸ್ಟೈಲ್ ಬಳಸಬೇಕು. ಕೊಟ್ಟರೆ ಬರುವ ಎರರ್‌ನಲ್ಲಿ ಬಿಜಿ ಹಿಂದೆ ಒಂದು ಮೈನಸ್ ಗುರುತಿರುತ್ತದೆ. ನೀವು ಬರೆಯದ ಮೈನಸ್ ಎಲ್ಲಿಂದ ಬಂತು? ಟಿಕೆ ಮೂಲತಃ ಜಾನ್ ಔಸ್ಟರ್‌ಹೌಟ್ ತಮ್ಮ ಟಿಸಿಎಲ್ ಭಾಷೆಗೆಂದು ಕಟ್ಟಿದ್ದು. ನಿಮ್ಮ ಪೈಥಾನ್ ಸಾಲುಗಳು ಒಳಗೆ ಟಿಸಿಎಲ್ ಆಜ್ಞೆಗಳಾಗಿ ಹೋಗುತ್ತವೆ, ಬೈಗುಳವೂ ಅದೇ ಭಾಷೆಯಲ್ಲಿ ವಾಪಸಾಗುತ್ತದೆ.

ಜೋಡಣೆಗೆ ಗ್ರಿಡ್ ಸಾಕು. ಎಂಟ್ರಿ ರೋ 0 ಕಾಲಮ್ 0, ಬಟನ್ ರೋ 0 ಕಾಲಮ್ 1, ಲೇಬಲ್ ರೋ 1ರಲ್ಲಿ ಕಾಲಮ್‌ಸ್ಪ್ಯಾನ್ 2. ಸುತ್ತ ಪ್ಯಾಡ್‌ಎಕ್ಸ್, ಪ್ಯಾಡ್‌ವೈ 8 ಇದ್ದರೆ ಉಸಿರಾಡುತ್ತವೆ. ವಿಂಡೋ ಹಿಗ್ಗಿಸಿದಾಗ ಎಂಟ್ರಿಯೂ ಹಿಗ್ಗಬೇಕಾದರೆ ಅದಕ್ಕೆ ಸ್ಟಿಕಿ 'ಇಡಬ್ಲ್ಯೂ' (ಎಡ ಬಲ ಎರಡೂ ಅಂಚಿಗೆ ಅಂಟಿಕೋ ಎಂದು) ಕೊಟ್ಟರಷ್ಟೇ ಸಾಲದು, ರೂಟ್‌ನ ಕಾಲಮ್ 0ಕ್ಕೆ ಕಾಲಮ್‌ಕಾನ್ಫಿಗರ್ ಮೂಲಕ ವೇಟ್ 1 ಕೂಡ ಕೊಡಬೇಕು. ವೇಟ್ ಸುಮ್ಮನಿದ್ದರೆ 0, ಅಂದರೆ ಹೆಚ್ಚಿಗೆ ಸಿಕ್ಕ ಜಾಗದಲ್ಲಿ ಅದಕ್ಕೆ ಪಾಲಿಲ್ಲ. ಒಂದೇ ಫ್ರೇಮ್‌ನೊಳಗೆ ಪ್ಯಾಕ್ ಮತ್ತು ಗ್ರಿಡ್ ಬೆರೆಸಬೇಡಿ, ಟಿಕೆ ಒಪ್ಪುವುದಿಲ್ಲ. ಬೇರೆ ಬೇರೆ ಫ್ರೇಮ್‌ಗಳಲ್ಲಿ ಬೇರೆ ಬೇರೆ ಬಳಸಲು ಅಡ್ಡಿಯಿಲ್ಲ.

ಎಂಟ್ರಿ ಮಾಡುವುದು, ಗ್ರಿಡ್ ಕರೆಯುವುದು ಎರಡನ್ನೂ ಒಂದೇ ಸಾಲಿನಲ್ಲಿ ಬರೆದು ವೇರಿಯಬಲ್‌ಗೆ ಹಾಕಿದರೆ ಆ ವೇರಿಯಬಲ್‌ನಲ್ಲಿ ಉಳಿಯುವುದು ನನ್, ಎಂಟ್ರಿಯಲ್ಲ. ಗ್ರಿಡ್ ಏನನ್ನೂ ಹಿಂದಿರುಗಿಸುವುದಿಲ್ಲ. ಎರಡು ಸಾಲು ಮಾಡಿ.

ಬಟನ್‌ನ ಕಮಾಂಡ್‌ಗೆ ಫಂಕ್ಷನ್ ಹೆಸರು ಮಾತ್ರ ಕೊಡಿ, ಮುಂದೆ ಬ್ರಾಕೆಟ್ ಬೇಡ. ಬ್ರಾಕೆಟ್ ಹಾಕಿದರೆ ಬಟನ್ ಹುಟ್ಟುವಾಗಲೇ ಫಂಕ್ಷನ್ ಓಡಿಹೋಗುತ್ತದೆ, ಒತ್ತಿದಾಗ ಏನೂ ಆಗುವುದಿಲ್ಲ. ಕೊನೆಯ ಸಾಲಿನಲ್ಲಿ ರೂಟ್‌ನ ಮೇನ್‌ಲೂಪ್.

ಇಲ್ಲಿಂದ ಮುಂದೆ ಲೆಕ್ಕಾಚಾರ ಬೇರೆ. ಈ ವರೆಗೆ ಪ್ರೋಗ್ರಾಮ್ ಮೇಲಿಂದ ಕೆಳಗೆ ಓಡುತ್ತಿತ್ತು, ನಿಮ್ಮ ಹಿಡಿತದಲ್ಲಿತ್ತು. ಮೇನ್‌ಲೂಪ್ ಶುರುವಾದ ಮೇಲೆ ಯಜಮಾನಿಕೆ ಅದರದ್ದು. ಕ್ಲಿಕ್ಕು, ಕೀಲಿ, ಪರದೆ ಬಳಿಯುವ ಕೆಲಸ ಎಲ್ಲ ಸಾಲಾಗಿ ನಿಲ್ಲುತ್ತವೆ, ಅದು ಒಂದೊಂದಾಗಿ ವಿಲೇವಾರಿ ಮಾಡುತ್ತದೆ. ನಿಮ್ಮ ಫಂಕ್ಷನ್ ಬೇಗ ಮುಗಿಸಿ ಜಾಗ ಬಿಡಬೇಕು.

ಟೈಮರ್ ಎಂದ ಕೂಡಲೇ ಕೈ ಹೋಗುವುದು ಟೈಮ್ ಮಾಡ್ಯೂಲ್‌ನ ಸ್ಲೀಪ್ ಕಡೆಗೆ. ಲೂಪ್‌ನಲ್ಲಿ ಒಂದು ಸೆಕೆಂಡ್ ಸ್ಲೀಪ್, ಲೇಬಲ್ ಬದಲು, ಮತ್ತೆ ಸ್ಲೀಪ್. ಫಲ: ಬಟನ್ ಒತ್ತಿದ್ದು ಒತ್ತಿದಂತೆಯೇ ಇರುತ್ತದೆ, ವಿಂಡೋ ಮರಗಟ್ಟುತ್ತದೆ, ಕೊನೆಗೆ ಸೊನ್ನೆ ಮಾತ್ರ ಕಾಣುತ್ತದೆ. ಲೇಬಲ್‌ನ ಬರಹ ಪ್ರತಿ ಸಲವೂ ಬದಲಾಗಿದೆ. ಅದನ್ನು ಪರದೆಗೆ ಬಳಿಯಬೇಕಾದ ಮೇನ್‌ಲೂಪ್‌ಗೆ ಸರದಿಯೇ ಸಿಕ್ಕಿಲ್ಲ.

ಇದಕ್ಕೆ ಇರುವುದು ಆಫ್ಟರ್. ಎಷ್ಟು ಮಿಲಿಸೆಕೆಂಡ್, ಯಾವ ಫಂಕ್ಷನ್ ಎಂದು ಹೇಳಿದರೆ ಆ ಹೊತ್ತಿಗೆ ಕರೆಯುತ್ತದೆ. ಇಲ್ಲೂ ಬ್ರಾಕೆಟ್ ಇಲ್ಲದ ಹೆಸರು. ಬ್ರಾಕೆಟ್ ಹಾಕಿದರೆ ಫಂಕ್ಷನ್ ಕಾಯದೆ ತನ್ನನ್ನೇ ಕರೆದುಕೊಳ್ಳುತ್ತ ರಿಕರ್ಷನ್ ಮಿತಿಗೆ ಹೋಗಿ ಬಡಿಯುತ್ತದೆ.

1000 ಮಿಲಿಸೆಕೆಂಡ್‌ಗೊಮ್ಮೆ ಒಂದು ಕಳೆಯುತ್ತ ಹೋಗುವುದು ಸುಲಭ, ಆದರೆ ಗಡಿಯಾರಕ್ಕಿಂತ ಹಿಂದೆ ಬೀಳುತ್ತದೆ. ಆಫ್ಟರ್ ಹೇಳುವುದು 'ಇಷ್ಟು ಹೊತ್ತಿಗೆ ಮೊದಲು ಇಲ್ಲ' ಎಂದಷ್ಟೇ. ಪ್ರತಿ ಸುತ್ತಿನ ಚೂರು ತಡ ಸೇರಿಕೊಳ್ಳುತ್ತ ಹೋಗುತ್ತದೆ. ಶುರುವಿನಲ್ಲೇ ಟೈಮ್ ಮಾಡ್ಯೂಲ್‌ನ ಮೊನೊಟಾನಿಕ್ (ಎಂದೂ ಹಿಂದಕ್ಕೆ ಹೋಗದ ಗಡಿಯಾರ) ಓದಿ, ಅದಕ್ಕೆ ಒಟ್ಟು ಸೆಕೆಂಡ್ ಕೂಡಿಸಿ ಮುಗಿಯುವ ಕ್ಷಣ ಬರೆದಿಟ್ಟುಕೊಳ್ಳಿ. ಪ್ರತಿ 200 ಮಿಲಿಸೆಕೆಂಡ್‌ಗೆ ಅದರಿಂದ ಈಗಿನ ಸಮಯ ಕಳೆದು, ಬಂದದ್ದನ್ನು ಮ್ಯಾಥ್‌ನ ಸೀಲ್‌ನಿಂದ ಮೇಲಕ್ಕೆ ಏರಿಸಿ ತೋರಿಸಿ. ಒಂದು ಕರೆ ತಡವಾದರೂ ಮುಂದಿನದು ತಾನಾಗಿ ಸರಿಹೋಗುತ್ತದೆ.

'ಶುರು' ಎರಡು ಸಲ ಒತ್ತಿ ನೋಡಿ. ಒಂದೊಂದಾಗಿ ಕಳೆಯುವ ಟೈಮರ್ ಆಗಿದ್ದರೆ ದುಪ್ಪಟ್ಟು ವೇಗದಲ್ಲಿ ಓಡುತ್ತದೆ, ಎರಡು ಆಫ್ಟರ್ ಸರಪಳಿಗಳು ಒಟ್ಟಿಗೆ ನಡೆಯುತ್ತಿರುವುದರಿಂದ. ಮೊನೊಟಾನಿಕ್ ಲೆಕ್ಕದಲ್ಲಿ ವೇಗ ಹೆಚ್ಚದು, ಆದ್ದರಿಂದಲೇ ಎರಡನೆಯ ಸರಪಳಿ ಕಣ್ಣಿಗೆ ಬೀಳದೆ ಉಳಿದುಬಿಡುತ್ತದೆ. ಆಫ್ಟರ್ ಹಿಂದಿರುಗಿಸುವ ಗುರುತನ್ನು ಇಟ್ಟುಕೊಂಡು, ಹೊಸದು ಶುರು ಮಾಡುವ ಮೊದಲು ಆಫ್ಟರ್ ಕ್ಯಾನ್ಸಲ್‌ಗೆ ಕೊಡಿ.

ಎಂಟ್ರಿಯ ಗೆಟ್ ಕೊಡುವುದು ಯಾವಾಗಲೂ ಸ್ಟ್ರಿಂಗ್. ಇಂಟ್ ಮಾಡಬೇಕು, ಖಾಲಿ ಬಿಟ್ಟವರಿಗಾಗಿ ವ್ಯಾಲ್ಯೂ ಎರರ್ ಹಿಡಿಯಬೇಕು. ಹಿಡಿಯದಿದ್ದರೂ ವಿಂಡೋ ಬೀಳುವುದಿಲ್ಲ, ಎರರ್ ಟರ್ಮಿನಲ್‌ನಲ್ಲಿ ಅಚ್ಚಾಗಿ ಸುಮ್ಮನಾಗುತ್ತದೆ. ಕಲಿಯುವಾಗ ಐಕಾನ್ ಒತ್ತಿ ತೆರೆಯದೆ ಟರ್ಮಿನಲ್‌ನಿಂದಲೇ ಓಡಿಸಿ ಅನ್ನುವುದು ಇದಕ್ಕೇ. ಇಲ್ಲವಾದರೆ 'ಬಟನ್ ಕೆಲಸ ಮಾಡುತ್ತಿಲ್ಲ' ಎಂಬುದಷ್ಟೇ ಗೊತ್ತಾಗುತ್ತದೆ.

ಚಿತ್ರ ಸೇರಿಸುವವರಿಗೆ ಒಂದು ಮಾತು. ಫಂಕ್ಷನ್ ಒಳಗೆ ಫೋಟೋಇಮೇಜ್ ಮಾಡಿ ಲೇಬಲ್‌ಗೆ ಕೊಟ್ಟರೆ ಜಾಗ ಕಾಣುತ್ತದೆ, ಚಿತ್ರ ಕಾಣದು. ಫಂಕ್ಷನ್ ಮುಗಿದಾಗ ಪೈಥಾನ್ ಅದನ್ನು ಕಸವೆಂದು ಗುಡಿಸಿಬಿಟ್ಟಿರುತ್ತದೆ. ಲೇಬಲ್‌ನ ಮೇಲೆಯೇ ಒಂದು ಹೆಸರಿನಲ್ಲಿ ಅಂಟಿಸಿಟ್ಟರೆ ಉಳಿಯುತ್ತದೆ. ಪಿಎನ್‌ಜಿ ನೇರವಾಗಿ ನಡೆಯುತ್ತದೆ, ಜೆಪಿಜಿಗೆ ಪಿಲ್ಲೋ ಎಂಬ ಚಿತ್ರಗಳ ಲೈಬ್ರರಿ ಬೇಕು.

ಟೈಮರನ್ನು ಎರಡನೆಯ ವಿಂಡೋದಲ್ಲಿ ಇಡುವುದಾದರೆ ಮತ್ತೊಂದು ಟಿಕೆ ಕರೆಯಬೇಡಿ, ಟಾಪ್‌ಲೆವೆಲ್ ಬಳಸಿ. ಎಣಿಕೆ ನಡೆಯುವಾಗಲೇ ಅದನ್ನು ಮುಚ್ಚಿದರೆ ಆಫ್ಟರ್ ಮಾತ್ರ ಬದುಕಿದ್ದು, ಇಲ್ಲದ ಲೇಬಲ್‌ಗೆ ಬರೆಯಲು ಹೋಗಿ ಎರರ್ ಕೊಡುತ್ತದೆ. ಪ್ರೋಟೋಕಾಲ್ ಮೂಲಕ 'ಡಬ್ಲ್ಯೂಎಮ್ ಡಿಲೀಟ್ ವಿಂಡೋ' ಸೂಚನೆಗೆ ನಿಮ್ಮದೊಂದು ಫಂಕ್ಷನ್ ಕಟ್ಟಿ, ಅದರಲ್ಲಿ ಮೊದಲು ಆಫ್ಟರ್ ಕ್ಯಾನ್ಸಲ್, ಆಮೇಲೆ ಡಿಸ್ಟ್ರಾಯ್. ಡಿಸ್ಟ್ರಾಯ್ ಬರೆಯಲು ಮರೆತರೆ ಮೂಲೆಯ ಗುಣಿಸು ಗುರುತನ್ನು ಎಷ್ಟು ಒತ್ತಿದರೂ ವಿಂಡೋ ಕದಲುವುದಿಲ್ಲ.