ಮನೆ ಸುತ್ತಮುತ್ತ ಅದೇನು ಫೋಟೊ ತೆಗೀತೀರಿ?

"ಇಷ್ಟೊಂದು ಫೋಟೊ ತೆಗೆದು ಏನ್ಮಾಡ್ತೀರಿ?" ಗೊತ್ತಿರುವವರೆಲ್ಲ ಒಂದಲ್ಲ ಒಂದು ಸಲ ನನ್ನನ್ನು ಹೀಗೆ ಕೇಳಿದ್ದಾರೆ. ಜೋಗಕ್ಕೋ ಕಬಿನಿಗೋ ಹೋಗಿ ತೆಗೆದರೆ ಯಾರೂ ಕೇಳುವುದಿಲ್ಲ. ನಾನು ತೆಗೆಯುವುದು ಅಡುಗೆಮನೆಯ ಕಟ್ಟೆ, ಮಹಡಿ ಮೇಲೆ ಒಣಹಾಕಿದ ಸೀರೆ, ಬೀದಿ ಕೊನೆಯ ಹೂವಿನಂಗಡಿ. ಅವನ್ನೇ ಮತ್ತೆ ಮತ್ತೆ ತೆಗೆಯುತ್ತೇನಲ್ಲ, ಅದಕ್ಕೇ ಕೇಳುತ್ತಾರೆ. ಡಿಸೆಂಬರ್ ಬಂತೆಂದರೆ ಜೊತೆಗೆ ಇನ್ನೊಂದು: "ವರ್ಷದ ಫೋಟೊ ಎಲ್ಲಾ ಕೂತು ನೋಡ್ತೀರಂತಲ್ಲ, ಏನು ಸಿಗುತ್ತೆ ಅದರಲ್ಲಿ?"

ಆ ವರ್ಷ ನನ್ನ ಕಣ್ಣು ಎಲ್ಲೆಲ್ಲಿ ನಿಂತಿತ್ತು ಅನ್ನುವುದು ಸಿಗುತ್ತದೆ. ಏನೇನು ನಡೆಯಿತು ಅನ್ನುವುದಕ್ಕೆ ಬ್ಯಾಂಕಿನ ಪಾಸ್‌ಬುಕ್ ಇದೆ, ಆಸ್ಪತ್ರೆಯ ಫೈಲಿದೆ, ಮಕ್ಕಳ ಅಂಕಪಟ್ಟಿ ಇದೆ. ಅದೆಲ್ಲ ನಡೆಯುತ್ತಿದ್ದಾಗ ನಾನು ಏನನ್ನು ನೋಡುತ್ತಿದ್ದೆ ಅನ್ನುವುದು ಮಾತ್ರ ಬೇರೆಲ್ಲೂ ದಾಖಲಾಗಿರುವುದಿಲ್ಲ.

ಈ ವರ್ಷದ್ದೇ ಹೇಳುತ್ತೇನೆ. ಮಳೆಗಾಲದಲ್ಲಿ ಅಮ್ಮ ಕೆಲವು ವಾರ ಆಸ್ಪತ್ರೆಯಲ್ಲಿದ್ದರು. ಆ ದಿನಗಳೆಂದರೆ ನನ್ನ ತಲೆಯಲ್ಲಿ ಉಳಿದಿದ್ದದ್ದು ಲಿಫ್ಟಿನ ಮುಂದಿನ ಕ್ಯೂ, ಔಷಧಿ ಚೀಟಿ, ರಾತ್ರಿ ಕೂತು ತೂಕಡಿಸುತ್ತಿದ್ದ ಪ್ಲಾಸ್ಟಿಕ್ ಕುರ್ಚಿ. ಮೊನ್ನೆ ಫೋನು ಹಿಡಿದು ಜುಲೈ ತಿಂಗಳಿಗೆ ಬಂದರೆ ಇವ್ಯಾವುವೂ ಇಲ್ಲ. ವಾರ್ಡಿನ ಕಿಟಕಿಯಾಚೆಗಿದ್ದ ಒಂದು ಮಳೆಮರವೇ ಸಾಲುಸಾಲಾಗಿ ಕೂತಿದೆ. ಬೆಳಗಿನದ್ದು, ಮಧ್ಯಾಹ್ನದ್ದು, ದೀಪ ಹಚ್ಚುವ ಹೊತ್ತಿನದ್ದು. ಅಷ್ಟು ಸಲ ಅದರ ಕಡೆ ತಿರುಗಿದ್ದೆ ಅನ್ನುವುದೇ ನನಗೆ ನೆನಪಿರಲಿಲ್ಲ. ಪಕ್ಕಪಕ್ಕ ಇಟ್ಟು ನೋಡಿದಾಗ ಇನ್ನೊಂದು ಕಂಡಿತು. ಬೆಳಗಿನ ಚಿತ್ರದಲ್ಲಿ ಎಲೆಯೆಲ್ಲ ಬಿಚ್ಚಿಕೊಂಡು ಆಕಾಶವೇ ಕಾಣದಷ್ಟು ದಟ್ಟ. ಸಂಜೆಯದರಲ್ಲಿ ಎಲೆ ಮಡಿಸಿಕೊಂಡು ಕೊಂಬೆಗಳ ನಡುವೆ ಬೆಳಕು ಹಾಯುತ್ತಿದೆ. ದಟ್ಟ ಮೋಡ ಕವಿದಿದ್ದ ಒಂದು ಮಧ್ಯಾಹ್ನವೂ ಹಾಗೆಯೇ ಮಡಿಸಿಕೊಂಡಿದೆ. ಮಳೆಮರದ ಸ್ವಭಾವವೇ ಅದು, ಬೆಳಕು ಇಳಿದರೆ ಎಲೆ ಮುಚ್ಚುತ್ತದೆ. ಓದಿ ತಿಳಿದಿದ್ದ ಸಂಗತಿ, ನನ್ನದೇ ಫೋನಿನಲ್ಲಿ ತಿಂಗಳುಗಟ್ಟಲೆ ಬಿದ್ದಿತ್ತು.

ಅಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ನೋಡಿದರು. "ಸಂಜೆ ಆ ಮರಕ್ಕೆ ಗಿಳಿ ಬರ್ತಿದ್ವಲ್ಲೇ, ಅವನ್ನ ತೆಗೀಲಿಲ್ವಾ?" ಅಂದರು. ಮಲಗಿದ್ದ ಅವರೂ ಅದೇ ಮರವನ್ನು ನೋಡುತ್ತಿದ್ದರು! ಅಷ್ಟು ದಿನ ಒಂದೇ ಕೋಣೆಯಲ್ಲಿದ್ದು ಆ ಮರದ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ. ಆಮೇಲೆ ಆಡಿದೆವು, ಆಸ್ಪತ್ರೆಯ ಬೇರೆ ವಿಷಯಗಳನ್ನೂ ಆಡಿದೆವು. ಡೈರಿ ಬರೆದಿದ್ದರೆ ಅದನ್ನು ಅವರಿಗೆ ಓದಲು ಕೊಡುತ್ತಿರಲಿಲ್ಲ. ಫೋಟೊ ಕೊಟ್ಟೆ, ಮಾತು ತಾನಾಗಿ ಬಂತು.

ಇದಕ್ಕೆ ಡಿಸೆಂಬರೇ ಯಾಕೆ, ನಮ್ಮ ವರ್ಷ ಯುಗಾದಿಗಲ್ಲವೇ ಮುಗಿಯುವುದು ಅಂತ ಕೇಳುವವರೂ ಇದ್ದಾರೆ. ಯುಗಾದಿಗೆ ಮನೆ ಸುಣ್ಣ-ಬಣ್ಣ, ಹಬ್ಬದಡುಗೆ, ಕೈಗೆ ಪುರುಸೊತ್ತಿರುವುದಿಲ್ಲ. ಡಿಸೆಂಬರ್ ಕೊನೆಗೆ ಕಚೇರಿಯಲ್ಲೂ ಅರ್ಧ ಜನ ರಜೆ. ಆದರೆ ನನ್ನ ನಿಜವಾದ ಕಾರಣ ಬೆಳಕು.

ಮೈಸೂರಿನಲ್ಲಿ ನಮ್ಮ ಅಡುಗೆಮನೆಯ ಕಿಟಕಿ ದಕ್ಷಿಣಕ್ಕಿದೆ. ಏಪ್ರಿಲ್ ಕೊನೆಯ ಹೊತ್ತಿಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನಡುನೆತ್ತಿ ದಾಟಿ ಉತ್ತರಕ್ಕೆ ಸರಿಯುತ್ತಾನೆ, ಆಗಸ್ಟ್ ಮೂರನೇ ವಾರದವರೆಗೆ ಆ ಕಡೆಯೇ ಇರುತ್ತಾನೆ. ಅಷ್ಟೂ ದಿನ ಮಧ್ಯಾಹ್ನ ಆ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲ. ಡಿಸೆಂಬರ್ 21-22ರ ಹೊತ್ತಿಗೆ ಅವನು ದಕ್ಷಿಣದ ತುದಿ ಮುಟ್ಟಿರುತ್ತಾನೆ. ನಡುಮಧ್ಯಾಹ್ನದಲ್ಲೂ ಸುಮಾರು 54 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಆಗ ಬಿಸಿಲು ಕಿಟಕಿ ದಾಟಿ ಒಳಬಂದು ಕಟ್ಟೆ ಮೇಲೆ, ನೆಲದ ಮೇಲೆ ಉದ್ದಕ್ಕೆ ಮಲಗುತ್ತದೆ. ವರ್ಷವಿಡೀ ತಣ್ಣಗೆ ನೆರಳಲ್ಲಿರುವ ಸಾಮಾನೆಲ್ಲ ಒಮ್ಮೆಲೇ ಎದ್ದು ಕಾಣುತ್ತದೆ. ಹಿತ್ತಾಳೆ ಚೊಂಬಿನ ತಗ್ಗು, ಈಳಿಗೆಮಣೆಯ ಸವೆದ ಅಂಚು, ಒಗ್ಗರಣೆ ಹಾಕಿದಾಗ ಮೇಲೇಳುವ ಹೊಗೆ. ಸಾಮಾನು ಹೊಸದಲ್ಲ, ಬೆಳಕು ಬಂದ ದಿಕ್ಕು ಹೊಸದು. ಮನೆಯಲ್ಲಿ ಫೋಟೊ ತೆಗೆಯುವಂಥದ್ದು ಏನಿದೆ ಅಂತ ಕೇಳುವವರಿಗೆ ನಾನು ಹೇಳುವುದಿಷ್ಟು: ಮೊದಲು ಯಾವ ಕಿಟಕಿಗೆ ಎಷ್ಟು ಗಂಟೆಗೆ ಬಿಸಿಲು ಬರುತ್ತದೆ ನೋಡಿಟ್ಟುಕೊಳ್ಳಿ. ಏನು ತೆಗೆಯಬೇಕೆಂದು ಆಮೇಲೆ ಗೊತ್ತಾಗುತ್ತದೆ.

ಇದು ಅವರೆಕಾಯಿ ಕಾಲ ಬೇರೆ. ರಾತ್ರಿ ನೆನೆಹಾಕಿದ ಕಾಳನ್ನು ಅಮ್ಮ ಅದೇ ಕಿಟಕಿಯ ಕೆಳಗೆ ಕೂತು ಹಿದುಕುತ್ತಾರೆ. ಕಾಳನ್ನು ಹೆಬ್ಬೆರಳು-ತೋರುಬೆರಳ ನಡುವೆ ಹಿಡಿದು ಒಂದು ಒತ್ತು. ಬೇಳೆ ಜಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಬೆರಳ ತುದಿ ನೀರಲ್ಲಿದ್ದು ಬಿಳಿಚಿ ಸುಕ್ಕಾಗಿರುತ್ತದೆ. ಒಂದು ಕಡೆ ಹಸಿರು ಬೇಳೆ, ಇನ್ನೊಂದು ಕಡೆ ಸಿಪ್ಪೆಯ ಗುಡ್ಡೆ. ಬೇಳೆಯ ಮೇಲೆ ಬಿದ್ದ ಬಿಸಿಲು ಅಲ್ಲೇ ನಿಲ್ಲುತ್ತದೆ, ಸಿಪ್ಪೆಯ ಮೂಲಕ ಹಾದು ಹೋಗುತ್ತದೆ. ಚಿಕ್ಕಂದಿನಿಂದ ಹಿದುಕವರೆ ಸಾರು ತಿಂದಿದ್ದೇನೆ, ಕೂತು ಹಿದುಕಿಯೂ ಇದ್ದೇನೆ. ಸಿಪ್ಪೆ ಇಷ್ಟು ಚೆಂದ ಅಂತ ಗೊತ್ತಾದದ್ದು ಕ್ಯಾಮೆರಾ ಹಿಡಿದು ಹತ್ತಿರ ಹೋದ ಮೇಲೆ.

ಅಂಥ ಚಿತ್ರ ತೆಗೆಯುವಾಗ ಎರಡು ಕೆಲಸ ಮಾಡಿ. ಟ್ಯೂಬ್‌ಲೈಟ್ ಆರಿಸಿಬಿಡಿ, ಅದರ ಬಿಳಿ ಬಿಸಿಲಿನ ಬಣ್ಣವನ್ನು ಕೆಡಿಸುತ್ತದೆ. ಫೋನಿನ ಪರದೆಯಲ್ಲಿ ಬಿಸಿಲು ಬಿದ್ದ ಜಾಗವನ್ನು ಮುಟ್ಟಿ, ಬೆಳಕನ್ನು ಒಂದಿಷ್ಟು ಕೆಳಗೆ ಎಳೆಯಿರಿ. ಫೋನು ತನ್ನ ಪಾಡಿಗೆ ನೆರಳನ್ನೆಲ್ಲ ತಿಳಿ ಮಾಡಲು ನೋಡುತ್ತದೆ. ನೆರಳು ನೆರಳಾಗಿಯೇ ಇರಲಿ.

"ಫೋಟೊ ತೆಗೀತಾ ಇದ್ರೆ ಆ ಕ್ಷಣಾನೇ ಕೈತಪ್ಪಲ್ವಾ?" ಅನ್ನುವ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಇದನ್ನೇ ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದ್ದರು. ಕಲಾ ಮ್ಯೂಸಿಯಮ್ಮಿಗೆ ಕರೆದೊಯ್ದ ಜನರಿಗೆ ಕೆಲವು ವಸ್ತುಗಳನ್ನು ಸುಮ್ಮನೆ ನೋಡಲು, ಕೆಲವನ್ನು ಫೋಟೊ ತೆಗೆಯಲು ಹೇಳಿದರು. ಮರುದಿನ ಕೇಳಿದರೆ, ಫೋಟೊ ತೆಗೆದ ವಸ್ತುಗಳ ನೆನಪೇ ಕಡಿಮೆ. ಆದರೆ ವಸ್ತುವಿನ ಒಂದು ಭಾಗವನ್ನು ಆರಿಸಿ ಜೂಮ್ ಮಾಡಿ ತೆಗೆದಿದ್ದಾಗ ನೆನಪು ಕುಂದಿರಲಿಲ್ಲ, ಆ ಭಾಗದ್ದಷ್ಟೇ ಅಲ್ಲ, ಉಳಿದ ಭಾಗದ್ದೂ. ಮದುವೆಮನೆಯಲ್ಲಿ ಮಾಂಗಲ್ಯಧಾರಣೆ ಹೊತ್ತಿಗೆ ಮೇಲೇಳುವ ಫೋನುಗಳ ಸಾಲು ನೆನೆಸಿಕೊಂಡರೆ ಮೊದಲರ್ಧ ಅರ್ಥವಾಗುತ್ತದೆ. ಎರಡನೆಯ ಅರ್ಧ ನನ್ನ ಅನುಭವಕ್ಕೆ ಹತ್ತಿರದ್ದು. ಯಾವ ಭಾಗ ಅಂತ ಆರಿಸುವುದಕ್ಕಾದರೂ ಒಂದು ಗಳಿಗೆ ನಿಂತು ನೋಡಬೇಕಲ್ಲ.

ಈ ನಿಲ್ಲುವುದನ್ನು ನಾನು ಕಲಿತದ್ದು ನಮ್ಮೂರಿನವರೇ ಆದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳಿಂದ. ಹುಟ್ಟಿದ್ದು 1923ರ ಡಿಸೆಂಬರ್‌ನಲ್ಲಿ, ತೀರಿಕೊಂಡದ್ದು 2009ರ ಡಿಸೆಂಬರ್‌ನಲ್ಲಿ, ಎರಡೂ ಮೈಸೂರಿನಲ್ಲೇ. ದೇಶವಿದೇಶದ ಪತ್ರಿಕೆಗಳಿಗೆ ಕೆಲಸ ಮಾಡಿದರು, ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕೆಲಸವನ್ನು ಚಿತ್ರಿಸಿದರು, 1977ರಲ್ಲಿ ಪದ್ಮಶ್ರೀ ಬಂತು. ದೊಡ್ಡವರನ್ನೂ ತೆಗೆದಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಅವರ ಕಪ್ಪು-ಬಿಳುಪಿನ ಮಕ್ಕಳು, ಮುದುಕರು, ಕೆಲಸದಲ್ಲಿ ಮುಳುಗಿದ ಹೆಂಗಸರು. ಬಡತನವಿರುವ ಚಿತ್ರದಲ್ಲೂ ಅವರು ಯಾರನ್ನೂ ಕೀಳು ಮಾಡುವುದಿಲ್ಲ, ಅಯ್ಯೋ ಪಾಪ ಅನ್ನಿಸುವುದೂ ಇಲ್ಲ. ಆಗ ರೀಲಿಗೆ 36 ಚಿತ್ರ, ದೊಡ್ಡ ಫಿಲ್ಮಿನ ಕ್ಯಾಮೆರಾ ಆದರೆ 12. ಒಂದೊಂದಕ್ಕೂ ಯೋಚಿಸಲೇಬೇಕಿತ್ತು. ನಮಗೆ ಆ ಲೆಕ್ಕವಿಲ್ಲ, ಹಾಗಾಗಿ ಯೋಚನೆಯನ್ನು ವರ್ಷದ ಕೊನೆಗಾದರೂ ಮಾಡಬೇಕು.

ನಾನು ಮಾಡುವುದು ಹೀಗೆ. ಡಿಸೆಂಬರ್ ಕೊನೆಯಲ್ಲಿ ಬಿಡುವಾದ ಒಂದು ಸಂಜೆ ಜನವರಿಯಿಂದ ಶುರುಮಾಡಿ, ತಿಂಗಳಿಗೊಂದರಂತೆ ಹನ್ನೆರಡು ಆರಿಸುತ್ತೇನೆ. ಚೆನ್ನಾಗಿ ಬಂದದ್ದನ್ನಲ್ಲ, ನೋಡಿದ ಕೂಡಲೇ ಬೆರಳು ನಿಂತದ್ದನ್ನು. ಗುಡ್ ಮಾರ್ನಿಂಗ್ ಚಿತ್ರಗಳನ್ನು ಧಾರಾಳವಾಗಿ ಅಳಿಸಿ. ಆದರೆ ಮಾತ್ರೆ ಪಟ್ಟಿಯ ಫೋಟೊ, ಗಾಡಿ ನಿಲ್ಲಿಸಿದ ಕಂಬದ ನಂಬರು, ಅಂಗಡಿಯಲ್ಲಿ ನಿಂತು ಮನೆಗೆ ಕಳಿಸಿದ ಪರದೆ ಬಟ್ಟೆಯ ಚಿತ್ರ, ಇವನ್ನು ಅಳಿಸುವ ಮುಂಚೆ ಒಮ್ಮೆ ನೋಡಿ. ಅವೂ ಆ ವರ್ಷದ ಸತ್ಯವೇ. ಕೆಲವು ತಿಂಗಳಲ್ಲಿ ಏನೂ ಇರುವುದಿಲ್ಲ. ನನಗೆ ಈ ಸಲ ಅಕ್ಟೋಬರ್ ಹಾಗೆ, ಖಾಲಿ. ದಸರಾ ಇದ್ದ ಊರಿನಲ್ಲೇ ಇದ್ದು ಒಂದೂ ಚಿತ್ರವಿಲ್ಲ. ಯಾಕೆಂದು ಕೂತು ಯೋಚಿಸಿದೆ, ಉತ್ತರ ಸಿಕ್ಕಿತು, ಅದು ನನ್ನಲ್ಲೇ ಇರಲಿ. ಆ ತಿಂಗಳಿಗೆ ಆಲ್ಬಮ್ಮಿನಲ್ಲಿ ಜಾಗ ಬಿಟ್ಟಿದ್ದೇನೆ.

ಆರಿಸಿದ್ದನ್ನು ಪ್ರಿಂಟ್ ಹಾಕಿಸಲೇಬೇಕು ಅನ್ನುವುದು ನನ್ನ ಹಟ. ಫೋನಿನಲ್ಲಿದ್ದರೆ ಅಮ್ಮ ನೋಡುವುದಿಲ್ಲ, ನಾನೂ ಇನ್ನೊಮ್ಮೆ ನೋಡುವುದಿಲ್ಲ. ಸ್ಟುಡಿಯೋದಲ್ಲಿ ಒಂದು ಮಾತು ಹೇಳಿ: ಫೋನಿನ ಚಿತ್ರದ ಅಳತೆ ಸಾಮಾನ್ಯವಾಗಿ 4:3, ನಾವು ಹಾಕಿಸುವ 4-6 ಸೈಜಿನದು 3:2. ಹಾಗೇ ಬಿಟ್ಟರೆ ಅಂಚು ಕತ್ತರಿಸುತ್ತಾರೆ, ಯಾರದೋ ತಲೆಯೋ ಪಾದವೋ ಹೋಗುತ್ತದೆ. "ಕಟ್ ಮಾಡ್ಬೇಡಿ, ಬಿಳಿ ಅಂಚು ಬಿಡಿ" ಅನ್ನಿ. ಹಿಂದೆ ತಾರೀಖು ಬರೆಯಲು ಸಿಡಿ ಮಾರ್ಕರ್ ಬಳಸಿ, ಬಾಲ್‌ಪೆನ್ ಒತ್ತಿದರೆ ಮುಂಭಾಗದಲ್ಲಿ ಗೆರೆ ಮೂಡುತ್ತದೆ. ಅಂಟು ಹಾಳೆಯ ಆಲ್ಬಮ್ ಬೇಡ, ವರ್ಷ ಕಳೆದಂತೆ ಅಂಟು ಹಳದಿಯಾಗಿ ಚಿತ್ರ ಬಿಡಿಸಲು ಬರುವುದಿಲ್ಲ.

ಜನರಿರುವ ಚಿತ್ರಗಳನ್ನು ಎರಡೆರಡು ಪ್ರತಿ ಹಾಕಿಸಿ, ಒಂದು ಅವರಿಗೆ ಕೊಡುತ್ತೇನೆ. ತೆಗೆಯುವ ಮುಂಚೆ ಕೇಳುತ್ತೇನೆ, ಬೇಡ ಅಂದರೆ ತೆಗೆಯುವುದಿಲ್ಲ. ನಮ್ಮ ಬೀದಿಯ ಹೂವಿನ ಅಕ್ಕ ಮೊಳ ಹಾಕುವಾಗ ಮೊಣಕೈಯಿಂದ ಬೆರಳ ತುದಿಗೆ ಮಾಲೆ ಎಳೆದು, ಕೊನೆಗೆ ಒಂದೆರಡು ಹೂ ಹೆಚ್ಚಿಗೆ ಬಿಟ್ಟು ಕತ್ತರಿಸುತ್ತಾರೆ. ಈ ವರ್ಷ ಆರಿಸಿದ್ದರಲ್ಲಿ ಆ ಕೈಯೂ ಒಂದು. ಪ್ರಿಂಟ್ ಕೊಟ್ಟಾಗ ಅಕ್ಕ ಕೈ ಒರೆಸಿಕೊಂಡು ತೆಗೆದುಕೊಂಡರು, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದ್ರಲ್ಲಿ ಹೂವು ಬಾಡೋಗಿದೆ ಕಣಮ್ಮ. ಬೆಳಿಗ್ಗೆ ಆರಕ್ಕೆ ಬಾ, ಬುಟ್ಟಿ ತುಂಬಾ ಕನಕಾಂಬರ ಇರ್ತದೆ, ಆಗ ತೆಗಿ" ಅಂದರು.